ಅಜ್ಜನ ಎಡೆಗೆ ಕೋ ಆಂಟಿಯ ಕಿತ್ತಳೆ

ಚೋವಾ ಚು ಕಾಂಗ್ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಎರಡನೇ ಮಹಾಯುದ್ಧ ವಾರಕ್ಕೆ ಮೂರು ಸಲ ಶುರುವಾಗುತ್ತಿತ್ತು. ಶುರು ಮಾಡುತ್ತಿದ್ದವಳು ನಿರುಪಮಾ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಬ್ಯಾಂಕಿನ ಸಂಪತ್‌ನನ್ನು ಮದುವೆಯಾಗಿ ಸಿಂಗಪುರಕ್ಕೆ ಬಂದವಳು, ಈಗ ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಅವಳ ಪಾಠವನ್ನು ನೀವು ಕೇಳಬೇಕಿತ್ತು. ಯುರೋಪ್ ಎಂಬುದು ಅವಳ ಬಾಯಲ್ಲಿ ಜಗಳಗಂಟರ ವಠಾರ. ಮೊದಲ ಯುದ್ಧದಲ್ಲಿ ಸೋತು ಮುಖಭಂಗವಾದ ಜರ್ಮನಿ, ಕೆಲಸ ಕಳೆದುಕೊಂಡು ಬೀದಿಗೆ ಬಿದ್ದ ಜನ, ನಿಮ್ಮ ಕಷ್ಟಕ್ಕೆಲ್ಲ ಯಹೂದಿಗಳೇ ಕಾರಣ ಎಂದು ಅರಚುವ ನಾಯಕ, ಅವನಿಗೆ ಬೀಳುವ ಚಪ್ಪಾಳೆ. ಅತ್ತ ಜಪಾನ್ ಮಂಚೂರಿಯಾವನ್ನು ನುಂಗಿತು. ಇತ್ತ ಇಟಲಿ ಅಬಿಸೀನಿಯಾಕ್ಕೆ ನುಗ್ಗಿತು. ಹಿಟ್ಲರ್ ಆಸ್ಟ್ರಿಯಾ ಮುಗಿಸಿ ಚೆಕೊಸ್ಲೊವಾಕಿಯಾಕ್ಕೆ ಕೈಹಾಕಿದ. ಇಷ್ಟು ಕೊಟ್ಟರೆ ತಣ್ಣಗಾಗುತ್ತಾನೆ ಬಿಡಿ ಎಂದು ದೊಡ್ಡ ದೇಶಗಳು ಕೈಕಟ್ಟಿ ಕೂತವು. ಪೋಲೆಂಡಿನ ಸರದಿ ಬರುವಷ್ಟರಲ್ಲಿ ಕೈಮೀರಿ ಹೋಗಿತ್ತು. ಜರ್ಮನಿ, ಇಟಲಿ, ಜಪಾನ್ ಮೂವರೂ ಕೈ ಕುಲುಕಿಕೊಂಡ ಮೇಲೆ ಬೆಂಕಿ ಈ ದ್ವೀಪಕ್ಕೂ ಬಂತು. ಪ್ರತಿ ಹೆಜ್ಜೆಗೂ ಯಾರೋ ಒಬ್ಬರು ಗೊತ್ತಿದ್ದೂ ಸುಮ್ಮನಿದ್ದರು, ಅದನ್ನು ಬರೆದುಕೊಳ್ಳಿ ಎಂದು ಅವಳು ಮೇಜು ಕುಟ್ಟುತ್ತಿದ್ದಳು.

ಪಾಠದ ಹೊತ್ತಿನಲ್ಲಿ ಅವಳ ಮಗಳು ಶ್ರೀಯಾಳನ್ನು ನೋಡಿಕೊಳ್ಳುತ್ತಿದ್ದವರು ಎದುರು ಮನೆಯ ಚೀನೀ ಮುದುಕಿ ಕೋ ಆಂಟಿ. ಕೂಸು ಹುಟ್ಟಿದಾಗ ಬಾಣಂತಿಗೆ ಶುಂಠಿ ಹಾಕಿದ ಸಾರು ಮಾಡಿಕೊಟ್ಟು, ತವರಿನವರು ಯಾರೂ ಹತ್ತಿರವಿಲ್ಲದ ನಿರುಪಮಾಳಿಗೆ ತಾಯಿಯಂತೆ ನಿಂತವರು. ಜಪಾನಿನವರು ಬಂದಾಗ ಆಂಟಿ ಇನ್ನೂ ಚಿಕ್ಕ ಹುಡುಗಿ. ತಪಾಸಣೆ ಇದೆ ಬನ್ನಿ ಎಂದು ಚೀನೀ ಗಂಡಸರನ್ನೆಲ್ಲ ಕರೆಸಿ, ಆಂಟಿಯ ಅಣ್ಣನನ್ನು ಲಾರಿ ಹತ್ತಿಸಿದ್ದರು. ಅವನು ಮತ್ತೆ ಬರಲಿಲ್ಲ. ಸಮಾಧಿಯಿಲ್ಲ, ಒಂದು ಫೋಟೋ ಕೂಡ ಇಲ್ಲ. ಒಂದು ಮಧ್ಯಾಹ್ನ ಮೊಳಕೆ ಕಾಳಿನ ಬಾಲ ಕೀಳುತ್ತ ಆಂಟಿ ಇಷ್ಟನ್ನು ಹೇಳಿದ್ದರು.

ನಿರುಪಮಾಳ ಮನೆಯಲ್ಲಿ ಫೋಟೋ ಇತ್ತು. ಅವಳ ತಾಯಿಯ ತಂದೆ ವೆಂಕಟೇಶಮೂರ್ತಿ, ಪೇಟ ಸುತ್ತಿ, ಕೋಟು ತೊಟ್ಟು ಒಳಕೋಣೆಯ ಗೋಡೆಯ ಮೇಲೆ ಕೂತಿದ್ದರು. ಮಂಡ್ಯದ ಕಡೆಯವರ ಪದ್ಧತಿಯಂತೆ ಮಹಾಲಯ ಅಮಾವಾಸ್ಯೆಗೆ ಆ ಫೋಟೋದ ಮುಂದೆ ಬಾಳೆಲೆ ಹಾಕಿ ಎಡೆ ಇಡುತ್ತಿದ್ದಳು. ಮುದ್ದೆ, ಕೋಳಿ ಸಾರು, ಕಜ್ಜಾಯ, ಅಜ್ಜನ ಚಟಕ್ಕೊಂದು ಬೀಡಿ. ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ನಾವು ನೋಡುತ್ತಿದ್ದರೆ ಹಿರಿಯರು ಉಣ್ಣುವುದಿಲ್ಲ. ಚೀನೀಯರಿಗೆ ಹಿರಿಯರ ಪೂಜೆ ಹೊಸದೇನಲ್ಲ. ಮೊದಲ ವರ್ಷವೇ ಆಂಟಿ ಯಾರಿವರು ಎಂದು ಕೇಳಿದ್ದರು. ನಮ್ಮಜ್ಜ, ಇದೇ ಊರಿನ ಯುದ್ಧದಲ್ಲಿದ್ದ ಸಿಪಾಯಿ ಎಂದಿದ್ದಳು ನಿರುಪಮಾ. ಅಯ್ಯೋ ಪಾಪ, ನಮ್ಮನ್ನು ಕಾಯೋಕೆ ಬಂದವನು ಎಂದು ಆಂಟಿ ಓಡಿಹೋಗಿ ಎರಡು ಕಿತ್ತಳೆ ತಂದು ಫೋಟೋದ ಮುಂದಿಟ್ಟರು. ಅಂದಿನಿಂದ ಪ್ರತಿ ವರ್ಷವೂ ತರುತ್ತಿದ್ದರು.

ಬ್ರಿಟಿಷರ ಸೇನೆಯಲ್ಲಿ ಇಲ್ಲಿಗೆ ಬಂದ ಅಜ್ಜ ಜಪಾನಿನವರಿಗೆ ಸೆರೆಸಿಕ್ಕ ಮೇಲೆ ಆಜಾದ್ ಹಿಂದ್ ಫೌಜ್ ಸೇರಿದ್ದರು, ಜಪಾನಿನವರು ಕೊಟ್ಟ ಬಂದೂಕು ಹಿಡಿದಿದ್ದರು. ಊರಿನಲ್ಲಿ ಅವರು ಸ್ವಾತಂತ್ರ್ಯಯೋಧ. ಬದುಕಿರುವವರೆಗೂ ಆಗಸ್ಟ್ ಹದಿನೈದಕ್ಕೆ ಹಾರ, ಶಾಲು. ನಿರುಪಮಾಳಿಗೂ ಅಜ್ಜನೆಂದರೆ ಹೆಮ್ಮೆಯೇ. ಆದರೆ ಆಂಟಿಯ ಮುಂದೆ ಅದನ್ನು ಹೇಳಲು ನಾಲಿಗೆ ಹೊರಳಲಿಲ್ಲ. ಮೇಜು ಕುಟ್ಟುವ ಟೀಚರಮ್ಮ ತಾನೇ ಗೊತ್ತಿದ್ದೂ ಸುಮ್ಮನಿದ್ದಳು!

ಎರಡು ಸಾವಿರದ ಏಳರಲ್ಲಿ, ಮಹಾಲಯಕ್ಕೆ ವಾರವಿದ್ದಾಗ, ಟ್ಯೂಷನ್ನಿಗೆ ಬರುವ ಮಾನ್ಯಾ ಪೆನ್ನು ಕಚ್ಚುತ್ತ ಕೇಳಿದಳು, "ಟೀಚರ್, ಹಾಗಾದ್ರೆ ಜಪಾನ್ ಜೊತೆ ಜಾಯಿನ್ ಆದೋರೂ ಸೇಮ್ ಸೈಡ್ ಅಲ್ವಾ?" ಅದು ಸಿಲಬಸ್‌ನಲ್ಲಿಲ್ಲ ಎಂದು ನಿರುಪಮಾ ಬಾಯಿ ಮುಚ್ಚಿಸಿದಳು.

ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಲು ಉಕ್ಕಿಸಿದಳು, ಎಂಆರ್‌ಟಿ ರೈಲಿನಲ್ಲಿ ಇಳಿಯುವ ಸ್ಟೇಷನ್ ಬಿಟ್ಟು ಮುಂದೆ ಹೋದಳು. ಹೇಳಿದರೆ ಆಂಟಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೇಳದಿದ್ದರೆ ಆ ಕಿತ್ತಳೆ ಇನ್ನೂ ಎಷ್ಟು ವರ್ಷ ಅಜ್ಜನ ಮುಂದೆ ಬರಬೇಕು? ಮನೆಗಳ ರೇಟು ಗಗನಕ್ಕೇರುತ್ತಿದ್ದ ವರ್ಷ ಅದು. ಸಂಪತ್‌ಗೆ ಕಾಂಡೋ ಎಂಬ ದುಬಾರಿ ಖಾಸಗಿ ಅಪಾರ್ಟ್‌ಮೆಂಟಿನ ಹುಚ್ಚು. "ಹಳೇದನ್ನೆಲ್ಲ ಯಾಕೆ ಕೆದಕ್ತೀಯ? ಹೇಗೂ ಶಿಫ್ಟ್ ಆಗ್ತೀವಲ್ಲ," ಎಂದ. ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು.

ಅಮಾವಾಸ್ಯೆಯ ದಿನ ಆಂಟಿ ಕಿತ್ತಳೆ ಇಟ್ಟು, ಕೈಮುಗಿದು ಹೊರಗೆ ಬಂದರು. ನಿರುಪಮಾ ಬಾಗಿಲು ಮುಚ್ಚಿದಳು. ಇಬ್ಬರೂ ಹಾಲ್‌ನಲ್ಲಿ ಕೂತರು. ಅವಳು ಎದ್ದಳು, ಫ್ಯಾನ್ ಜೋರು ಮಾಡಿದಳು, ಮತ್ತೆ ಕೂತಳು. ಕೊನೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು: ಬ್ರಿಟಿಷರ ಸೋಲು, ಸೆರೆ, ಫೌಜು, ಭಾರತಕ್ಕೆ ಸ್ವಾತಂತ್ರ್ಯ ಸಿಗುತ್ತದೆಂಬ ಆಸೆ, ಜಪಾನಿನ ಬಂದೂಕು.

ಆಂಟಿ ಮುಚ್ಚಿದ ಬಾಗಿಲಿನ ಕಡೆ ನೋಡಿದರು. ಆಮೇಲೆ ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದರು.

"ಲಾರಿಗಳ ವಿಷಯ ಅವನಿಗೆ ಗೊತ್ತಿತ್ತಾ?"

"ಗೊತ್ತಿಲ್ಲ, ಆಂಟಿ. ಮನೇಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಆಂಟಿ ಎದ್ದು ಹೋಗಿ ಮುಚ್ಚಿದ ಬಾಗಿಲು ತೆರೆದರು. ನಡುವೆ ತೆರೆಯಬಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಡೆಯ ಮುಂದಿದ್ದ ಎರಡೂ ಕಿತ್ತಳೆ ಎತ್ತಿಕೊಂಡರು. ಮುಗಿಯಿತು, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡಳು ನಿರುಪಮಾ. ಆದರೆ ಆಂಟಿ ಹೊರಬಾಗಿಲಿಗೆ ಹೋಗಲಿಲ್ಲ, ಅಡುಗೆಮನೆಗೆ ಹೋದರು. ಇನ್ನೊಂದು ಎಲೆ ಇದೆಯಾ ಎಂದು ಕೇಳಿದರು.

ನಿರುಪಮಾ ಅಡುಗೆಮನೆಯ ನೆಲ ಒರೆಸಿ ಎಲೆ ಹಾಸಿದಳು. ಸಾರಿನ ಸೌಟು ಎತ್ತಿದಾಗ ಆಂಟಿ ತಡೆದರು. ಅಣ್ಣನಿಗೆ ಖಾರ ಆಗುತ್ತಿರಲಿಲ್ಲವಂತೆ. ಬರೀ ಅನ್ನ, ಒಂದು ಕಜ್ಜಾಯ ಬಡಿಸಿದಳು. ಪಕ್ಕದಲ್ಲಿ ಕಿತ್ತಳೆ ಇಟ್ಟರು.

"ಅವರ ಹೆಸರೇನು, ಆಂಟಿ?" ಇಷ್ಟು ವರ್ಷಗಳಲ್ಲಿ ಅದನ್ನೂ ಅವಳು ಕೇಳಿರಲಿಲ್ಲ.

ಬೂನ್ ಹೊಕ್, ಬೂನ್ ಹೊಕ್ ಎಂದು ಆಂಟಿ ಎಲೆಯ ಕಡೆ ಬಾಗಿ, ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದರು. ಇಬ್ಬರೂ ಹೊರಗೆ ಬಂದು ಅಡುಗೆಮನೆಯ ಬಾಗಿಲು ಮುಚ್ಚಿದರು. ಅಜ್ಜನ ಕೋಣೆ ತೆರೆದೇ ಇತ್ತು. ಅದನ್ನೂ ಮುಚ್ಚಲು ಹೊರಟ ನಿರುಪಮಾಳ ಕೈಯನ್ನು ಆಂಟಿ ಹಿಡಿದುಕೊಂಡರು.

"ಈಗಲೇ ಬೇಡ. ಮೊದಲು ನನ್ನಣ್ಣ ಊಟ ಮಾಡಲಿ. ನಿನ್ನಜ್ಜ ಕಾಯಲಿ."