ಮುಚ್ಚಿದ ಎಡಗೈ

ಪುನರ್ಜನ್ಮದ ಕತೆಗಳನ್ನು ನಾನು ಎಂದೂ ನಂಬಿದವನಲ್ಲ. ಖಾಸಬಾಗದಲ್ಲಿ ನನ್ನದೊಂದು ಚಷ್ಮಾದ ಅಂಗಡಿ ಇದೆ. ಕಣ್ಣು ಎಷ್ಟು ಸುಳ್ಳು ಹೇಳುತ್ತದೆ ಎಂಬುದನ್ನು ದಿನವೂ ನೋಡುತ್ತೇನೆ. ಯಾರಾದರೂ ಹಿಂದಿನ ಜನ್ಮ ನೆನಪಿರುವ ಮಗುವಿನ ಸುದ್ದಿ ತಂದರೆ, ಮೊದಲು ಅದನ್ನು ಕಂಡವರ ಕಣ್ಣಿನ ನಂಬರು ಪರೀಕ್ಷೆ ಮಾಡಿಸಿ ಎಂದು ನಗುತ್ತಿದ್ದೆ. ಮೇಲಾಗಿ ನಾವು ಲಿಂಗಾಯತರು. ಸತ್ತವರು ಲಿಂಗದಲ್ಲಿ ಐಕ್ಯರಾದರು ಎನ್ನುತ್ತೇವೆ; ಮರಳಿ ಬರುವ ಮಾತೇ ಇಲ್ಲ.

ಆದರೂ ಇದನ್ನು ಬರೆಯುತ್ತಿದ್ದೇನೆ. ಬರೆಯುವ ಮೊದಲು ನನ್ನದೊಂದು ಕಳ್ಳತನ ಒಪ್ಪಿಕೊಳ್ಳಬೇಕು.

ನಮ್ಮವ್ವ ಇಷ್ಟಲಿಂಗದ ಪೂಜೆಯಾಗದೆ ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕೆ ಹಿಡಿದು, ಅದನ್ನೇ ನೋಡುತ್ತ ಕೂತರೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: “ಇದನ್ನ ನನ್ನ ಸಂಗಾಟ ಕಳಸಪಾ. ಮರೀಬ್ಯಾಡ.”

ನಮ್ಮ ಪದ್ಧತಿಯೂ ಅದೇ. ಸತ್ತವರನ್ನು ಗುಣಿಯಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು, ವಿಭೂತಿ, ಪತ್ರಿ ತುಂಬಿ ಮಣ್ಣು ಕೊಡುತ್ತೇವೆ. ಒಬ್ಬನೇ ಮಗ, ನಾನೇ ಗುಣಿಗಿಳಿದೆ. ಮೇಲಿನಿಂದ, ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು “ಲಿಂಗ ಕೈಯಾಗ ಇಡ್ರಿ” ಎಂದರು. ಮೇಲಿದ್ದವರಿಗೆ ಕಾಣದಂತೆ ಬೆನ್ನು ಅಡ್ಡ ಮಾಡಿ, ನಾನು ಅವ್ವನ ಅಂಗೈಯಲ್ಲಿ ವಿಭೂತಿಯ ತುಂಡೊಂದನ್ನಿಟ್ಟೆ. ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಮಡಚಿದೆ, ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದೆ. ಲಿಂಗ ನನ್ನ ಕಿಸೆಗೆ ಹೋಯಿತು. ಬಿಸಿಲಿಗೋ ಏನೋ, ಅದು ಇನ್ನೂ ಬೆಚ್ಚಗಿತ್ತು. ಅವ್ವನನ್ನು ಪೂರ್ತಿ ಕಳಿಸಿಕೊಡುವುದು ನನ್ನಿಂದ ಆಗಲಿಲ್ಲ. ಹಳೆಯ ಚಷ್ಮಾದ ಡಬ್ಬಿಯಲ್ಲಿ ಅದನ್ನಿಟ್ಟು ಅಂಗಡಿಯ ಡ್ರಾವರಿಗೆ ಸೇರಿಸಿದೆ. ಹೆಂಡತಿಗೂ ಹೇಳಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ‘ಲಿಂಗೈಕ್ಯ’ ಎಂದು ಕೆತ್ತಿಸಿದವನೂ ನಾನೇ.

ಐದು ವರ್ಷ ಕಳೆದ ಮೇಲೆ, ಖಾನಾಪುರದಾಚೆ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಮಕ್ಕಳ ಕಣ್ಣು ತಪಾಸಣೆಗೆ ಹೋಗಿದ್ದೆ. ಹಾಡೇ ಹಗಲು. ಎಮ್ಮೆ ಸಾಕುವ ಗೌಳಿ ಮನೆತನದ ಅಜ್ಜಿಯೊಬ್ಬಳು ನಾಲ್ಕು ವರ್ಷದ ಮೊಮ್ಮಗಳು ಸಖುವನ್ನು ಕರೆತಂದಳು. ಒಂದು ಕಣ್ಣು ಮುಚ್ಚಿಕೋ ಎಂದು ನಾನು ಸನ್ನೆ ಮಾಡಿದೆ. ಹುಡುಗಿ ಕಣ್ಣು ಮುಚ್ಚಲಿಲ್ಲ. ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು, ಖಾಲಿ ಅಂಗೈಯನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, “ನಂದು ಕೊಡು” ಎಂದಳು.

ಬೇರೆ ಮಕ್ಕಳಿಗೆ ಚಷ್ಮಾ ಸಿಕ್ಕಿದ್ದನ್ನು ಕಂಡು ಆಸೆಯಾಗಿರಬೇಕೆಂದು ಹೊಸ ಡಬ್ಬಿಯೊಂದನ್ನು ಕೊಟ್ಟೆ. ತೆರೆದಳು, ಒಳಗೆ ಬೆರಳಾಡಿಸಿದಳು, ಮುಚ್ಚಿ ನನಗೇ ಕೊಟ್ಟಳು. “ಇದಲ್ಲ. ಹಳೇದು.”

ಅಜ್ಜಿ ನಕ್ಕಳು. “ಮನ್ಯಾಗ ನಾವು ಮರಾಠಿನ ಮಾತಾಡೂದ್ರಿ ಸಾಹೇಬ್ರ. ಇಲ್ಲೇ ಕನ್ನಡ ಕಲತಿರಬೇಕು. ಹುಟ್ಟಿದಾಗಿಂದ ಈಕಿದೊಂದು ಚಾಳಿ. ಎಡಗೈ ಮುಷ್ಟಿ ಕಟ್ಟಿ ಮಲಗತಾಳ. ಬಿಡಸಾಕ ಹೋದ್ರ ನಿದ್ದಿಯೊಳಗ ಅಳತಾಳ, ಏನೋ ಕಳಕೊಂಡವರಂಗ.”

ಉಳಿದ ಮಕ್ಕಳ ತಪಾಸಣೆ ಹೇಗೆ ಮುಗಿಸಿದೆನೋ ನೆನಪಿಲ್ಲ.

ನನ್ನ ಅಂಗಡಿಗೆ ಬರುವ ಕಾಂಬಳೆ ಸರ್ ನಿವೃತ್ತ ಮಾಸ್ತರರು, ಬೌದ್ಧ ಧಮ್ಮ ಸ್ವೀಕರಿಸಿದ ಮನೆತನದವರು. ತಡೆಯಲಾರದೆ ಅವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಚಷ್ಮಾ ತೆಗೆದು ಒರೆಸುತ್ತ ಹೇಳಿದರು:

“ಆತ್ಮ ಅಂತ ಒಂದು ಈ ಮೈ ಬಿಟ್ಟು ಆ ಮೈ ಹೊಗತೈತಿ ಅಂತ ನಾವು ನಂಬೂದಿಲ್ರಿ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದಂಗ ಅದು. ಹಚ್ಚೂದು ತೃಷ್ಣಾ, ಬಿಡಲಾರದ ಆಸೆ. ಅದು ಆರಿದ್ರನ ನಿರ್ವಾಣ.”

“ಹಂಗಾದ್ರ ನಮ್ಮವ್ವಗ ತೃಷ್ಣಾ ಇತ್ತೇನ್ರಿ?”

“ನಿಮ್ಮವ್ವಂದು ನನಗೇನು ಗೊತ್ರಿ. ಡಬ್ಬಿ ಇಟ್ಕೊಂಡವರು ನೀವು.”

ಆ ಮಾತು ಕಲ್ಲಿನಂತೆ ಬಡಿಯಿತು. ಬಿಡುಗಡೆಯಾಗಬೇಕಿದ್ದ ಅವ್ವನನ್ನು ನಾನೇ ತಡೆದು ನಿಲ್ಲಿಸಿದೆನೆ? ಮುಂದಿನ ಭಾನುವಾರ ಡಬ್ಬಿ ತೆಗೆದುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಸಖು ಎಮ್ಮೆಯ ಕರುವಿನ ಜೊತೆ ಆಡುತ್ತಿದ್ದಳು. ನನ್ನ ಗುರುತು ಹಿಡಿದಂತೆ ಕಾಣಲಿಲ್ಲ. ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟೆ. ಬೇಕಾದರೆ ಅವಳೇ ಇಟ್ಟುಕೊಳ್ಳಲಿ ಎಂದೇ ಹೋಗಿದ್ದೆ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಎಡಗೈ ಎಳೆದು ಅದರಲ್ಲಿಟ್ಟಳು. ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಮಡಚಿದಳು. ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ, ಕರುವಿನ ಹಿಂದೆ ಓಡಿದಳು.

ಆ ಗುಣಿಯಲ್ಲಿ ಇದ್ದವರು ನಾನು ಮತ್ತು ಅವ್ವ, ಇಬ್ಬರೇ.

ಮಗು ಎಲ್ಲೋ ಲಿಂಗಪೂಜೆ ನೋಡಿರಬಹುದು. ಮಕ್ಕಳು ಕೈಯಾಟ ಆಡುವುದೂ ಹಾಗೆಯೇ. ಎಲ್ಲಕ್ಕೂ ಒಂದೊಂದು ಕಾರಣ ಹೊಂದಿಸಿದ್ದೇನೆ. ಒಂದೂ ನನ್ನ ನಂಬರಿಗೆ ಕೂಡುತ್ತಿಲ್ಲ. ಸಮಾಧಿಯ ಪಕ್ಕದಲ್ಲಾದರೂ ಲಿಂಗವನ್ನು ಹೂಳೋಣವೆಂದು ಎರಡು ಸಲ ಹೋಗಿ, ಎರಡು ಸಲವೂ ಕಿಸೆಯಲ್ಲಿಟ್ಟುಕೊಂಡೇ ಮಹಾಂತೇಶ ನಗರದ ಮನೆಗೆ ಮರಳಿದೆ.

ಸಖು ಈಗ ಕೈ ಬಿಚ್ಚಿ ಮಲಗುತ್ತಾಳೆಂದು ಅಜ್ಜಿ ಫೋನಿನಲ್ಲಿ ಹೇಳಿದಳು. ಆ ಭಾನುವಾರದ ರಾತ್ರಿಯಿಂದಲೇ ಅಂತೆ.

ಮೊನ್ನೆ ಚಹಾ ಕೊಡುತ್ತ ನನ್ನ ಹೆಂಡತಿ ಕೇಳಿದಳು: “ಇತ್ತಿತ್ತಲಾಗ ಎಡಗೈ ಯಾಕ ಹಂಗ ಬಿಗಿ ಹಿಡದು ಮಲಗತೀರಿ? ಏನೈತಿ ಅದರಾಗ?” ಬಿಡಿಸಲು ಹೋದರೆ ನಾನು ನಿದ್ದೆಯಲ್ಲೇ ಅಳುತ್ತೇನಂತೆ.