ಗೋಧಿ ದಾಟದ ಹೊಸ್ತಿಲು

ನನ್ನ ಗಂಡನ ಅಂತ್ಯಕ್ರಿಯೆ ಮುಗಿದು, ನನ್ನ ಅಮ್ಮನ ಹೊರತು ನೆಂಟರೆಲ್ಲ ಹೊರಟ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ಐದೂವರೆ ಗಂಟೆ. ಮನೆಯಲ್ಲೇ ಗೋಧಿಯಿಲ್ಲದ ಬ್ರೆಡ್ ಮಾಡಿ ಕೊಡುವ ಬ್ರೆಡ್ಡಕ್ಕ ಚಪ್ಪಲಿಯನ್ನು ಹೊಸ್ತಿಲ ಹೊರಗೇ ಬಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾರೆ. ಉಗುರಿನ ಸಂದಿಗೆ ಬ್ರಷ್ ಹಾಕಿ ಮತ್ತೊಮ್ಮೆ ತೊಳೆಯುತ್ತಾರೆ.

"ಅಲ್ಲೇ ನಿಂತ್ಕೋ ತಂಗಿ. ಚೀಲಾನೂ ಅಲ್ಲೇ ಇರ್ಲಿ."

ಚೀಲದಲ್ಲಿರುವುದು ಅವರದೇ ಜರಡಿ. ತಿಂಗಳ ಹಿಂದೆ ನನ್ನ ಗಂಡ ಎರವಲು ತಂದದ್ದು. ನಮ್ಮ ಆರು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ. ಚಿಟಿಕೆ ಗೋಧಿ ಹೊಟ್ಟೆಗೆ ಹೋದರೂ ಅವಳ ಕರುಳು ಕೆಡುತ್ತದೆ. ಅವಳಿಗಾಗಿ ಬ್ರೆಡ್ ಮಾಡುವುದನ್ನು ಅವನು ಇಲ್ಲಿ ಕಲಿಯುತ್ತಿದ್ದ.

ಮೊನ್ನೆ ಇದೇ ಜರಡಿಯಲ್ಲಿ ಅಕ್ಕಿ ಹಿಟ್ಟು ಸೋಸಿ ಮಗಳಿಗೆ ಗಂಜಿ ಕಾಯಿಸಿದೆ. ಅವಳು ನಾಲ್ಕು ಸಲ ವಾಂತಿ ಮಾಡಿದಳು. ನಿನ್ನೆ ಹೊರಡುವಾಗ ಚಿಕ್ಕಮ್ಮ ಹೇಳಿದರು: "ನಿನ್ನ ಜರಡಿ ಚೆನ್ನಾಗಿದೆ ಕಣೇ. ಅಷ್ಟು ಜನಕ್ಕೂ ಗೋಧಿ ಹಿಟ್ಟು ಇದರಲ್ಲೇ ಸೋಸಿದ್ವಿ."

ಜರಡಿಯ ಕಣ್ಣಿಗೆ ಸಿಕ್ಕಿದ ಹಿಟ್ಟು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ನೋಡುವುದಕ್ಕೆ ಮಾತ್ರ ಹೊಸದರಂತಿದೆ. ಹೇಳಿದರೆ ಇವರು ನಮಗೆ ಬ್ರೆಡ್ ಕೊಡುವುದನ್ನೇ ನಿಲ್ಲಿಸಬಹುದು. ಹೇಳದಿದ್ದರೆ ಇದು ಮತ್ತೆ ಇವರ ಗೋಡೆಯ ಮೊಳೆಗೆ ಹೋಗುತ್ತದೆ.

ಒಳಗೆ ಕೆಲಸ ಶುರುವಾಗಿದೆ. ಇಲ್ಲಿ ಹಿಟ್ಟು ನಾದುವುದಿಲ್ಲ. ಅಕ್ಕಿ ಹಿಟ್ಟು, ಆಲೂಗಡ್ಡೆ ಪಿಷ್ಟ, ಅಂಟು ಬರಲು ಇಸಬಗೋಲು, ಈಸ್ಟ್ ಕಲಸಿ ತಗಡಿನ ಅಚ್ಚಿಗೆ ಸುರಿಯುತ್ತಾರೆ. ಓವನ್ನಿನಲ್ಲಿ ಒಮ್ಮೆಗೆ ಮೂರು ಅಚ್ಚು ಹಿಡಿಸುತ್ತವೆ. ದಿನಕ್ಕೆ ಹನ್ನೆರಡು ಬ್ರೆಡ್ಡು, ಒಂಬತ್ತು ಮನೆ. ಒಂಬತ್ತರಲ್ಲೂ ನನ್ನ ಮಗಳಂಥವರೇ. "ಉಬ್ಬಿ ಕುಸಿದಿದ್ದು ನನ್ನ ಪಾಲಿಗೆ. ವಾರಕ್ಕೆರಡು ಸಲ ಕುಸಿಯತ್ತೆ," ಎನ್ನುತ್ತಾರೆ ಬ್ರೆಡ್ಡಕ್ಕ.

ಹದಿನಾಲ್ಕು ವರ್ಷ ಅವರು ಮಾಮೂಲಿ ಬೇಕರಿಯೊಂದರಲ್ಲಿ ಮೈದಾ ನಾದಿದವರು. "ತೂಕ ಮೂವತ್ತೆಂಟಕ್ಕೆ ಇಳೀತು. ಡಾಕ್ಟ್ರು ಟೆನ್ಷನ್ ಅಂದ್ರು. ನಾನು ಶಕ್ತಿ ಬರ್ಲಿ ಅಂತ ದಿನಾ ಎರಡೆರಡು ಬಿಸಿ ಬನ್ನು ತಿಂತಿದ್ದೆ." ಅವರದೂ ಸೀಲಿಯಾಕ್ ಎಂದು ಗೊತ್ತಾಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಹೆಸರು ಗೊತ್ತಾದ ವಾರವೇ ಕೆಲಸ ಬಿಟ್ಟರು.

ಬಸ್ ಡ್ರೈವರ್ ಆಗಿರುವ ಅವರ ಗಂಡ ಹೊರಗಿನ ಮೆಟ್ಟಿಲ ಮೇಲೆ ಕೂತು ಗೋಧಿ ಬಿಸ್ಕತ್ತು ತಿನ್ನುತ್ತಿದ್ದಾರೆ. ಬಾಯಿ ಮುಕ್ಕಳಿಸದೆ ಒಳಗೆ ಹೋಗುವಂತಿಲ್ಲ.

"ಈ ಮನೇಲಿ ನನಗಿಂತ ಜರಡಿಗೆ ಮರ್ಯಾದೆ ಜಾಸ್ತಿ."

"ಜರಡಿ ಗೊರಕೆ ಹೊಡಿಯಲ್ಲ," ಎಂದು ಒಳಗಿನಿಂದ ಉತ್ತರ ಬರುತ್ತದೆ.

ಇಷ್ಟು ವರ್ಷದ ಮೇಲೂ ಹೆದರಿಕೆ ಇದೆಯೇ ಎಂದು ಕೇಳುತ್ತೇನೆ.

"ಇದೆ. ಓವನ್ ಮುಚ್ಚಿದ್ಮೇಲೂ ಎದೆ ಡವಡವ ಅನ್ನತ್ತೆ. ಯಾವ ಮಗು ಹೊಟ್ಟೆ ಹಿಡ್ಕೊಂಡು ಮಲಗತ್ತೋ ಅಂತ. ಹೆದರಿಕೆ ಹೋದ ದಿನ ಓವನ್ ಆರಿಸ್ಬಿಡ್ತೀನಿ."

ಮೂರು ಅಚ್ಚು ಒಳಗಿಟ್ಟು ಅವರು ಬಾಗಿಲಿಗೆ ಬಂದು ಕೈ ಚಾಚುತ್ತಾರೆ. "ಕೊಡು. ನಿನ್ನ ಗಂಡನಿಗೆ ಕೊಟ್ಟಾಗಿಂದ ಮೊಳೆ ಖಾಲಿ ಇದೆ."

ಚೀಲವನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. "ಮುಟ್ಬೇಡಿ ಅಕ್ಕ. ಗೋಧಿ ತಾಗಿದೆ. ನಮ್ಮನೇಲೇ ಆಗಿದ್ದು."

ಚಾಚಿದ ಕೈ ಹಾಗೇ ನಿಲ್ಲುತ್ತದೆ. "ಮಗು?"

"ಅಮ್ಮನ ಹತ್ರ ಮಲಗಿದಾಳೆ. ರಾತ್ರಿಯಿಂದ ವಾಂತಿ ಇಲ್ಲ."

ಅವರು ಒಳಗೆ ಹೋಗುತ್ತಾರೆ. ನಲ್ಲಿಯ ಸದ್ದು. ಏನನ್ನೂ ಮುಟ್ಟದ ಕೈಯನ್ನು ಮತ್ತೆ ತೊಳೆಯುತ್ತಿದ್ದಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆಂದು ಕಾಯುತ್ತೇನೆ. ಮರಳಿ ಬರುವಾಗ ಅವರ ಕೈಯಲ್ಲಿ ಕಾಗದ ಸುತ್ತಿದ ಬ್ರೆಡ್ಡು ಇದೆ.

"ನಿನ್ನೆದು. ಅವಳಿಗೆ ಒಂದೇ ತುಂಡು ಕೊಡು, ಮೆತ್ತಗೆ ಮಾಡಿ. ಜರಡಿ ಹೊರಗಿಡು, ಕುಂಡದ ಮಣ್ಣು ಸೋಸೋಕಾಗತ್ತೆ."

"ಬಾರಪ್ಪಾ, ನನ್ನ ಪಕ್ಕ ಕೂತ್ಕೋ," ಎಂದು ಡ್ರೈವರ್ ಜರಡಿಗೆ ಜಾಗ ಬಿಡುತ್ತಾರೆ.

ಬ್ರೆಡ್ಡಕ್ಕ ನಗುವುದಿಲ್ಲ. "ಎಂಟು ವರ್ಷ ಆಯ್ತು. ಈ ಹೊಸ್ತಿಲು ದಾಟಿ ಹೋದ ಬ್ರೆಡ್ಡು ಯಾರನ್ನೂ ಮಲಗಿಸಿಲ್ಲ. ನೀನು ಹೇಳದಿದ್ರೆ ಇವತ್ತು ಮಲಗಿಸೋದಿತ್ತು."

ನಾನು ಬಗ್ಗಿ, ಜರಡಿಯನ್ನು ಮೆಟ್ಟಿಲ ಮೇಲೆ ಇಡುತ್ತೇನೆ.