ಬಿಲ್ವದ ಬುಡಕ್ಕೆ ಒಂದು ಬಿಂದಿಗೆ

ಮೀನಾಕ್ಷಮ್ಮ ಪೂಜೆಗೆ ಮುಂಚೆ ಅಡುಗೆಯ ರುಚಿ ನೋಡಿದವರಲ್ಲ. ದೇವರ ಎಡೆಗೆ ಹೋಗುವುದು ಮೊದಲೇ ನಾಲಿಗೆಗೆ ತಾಗಿದರೆ ಅದು ಎಂಜಲು. ಪೂಜೆ ಮುಗಿದ ಮೇಲೆ ಮೊದಲ ತುತ್ತು ಬಾಯಿಗಿಡುತ್ತಿದ್ದವರು ಗಂಡ ಸೋಮಲಿಂಗಪ್ಪನವರು. "ಉಪ್ಪು?" ಎಂದು ಆಕೆ ಒಲೆಯ ಮುಂದಿನಿಂದ ಕೇಳುವುದು, "ಹದವಾಗಿದೆ" ಎಂದು ಇವರು ಹೇಳುವುದು, ಮೂವತ್ತೆಂಟು ವರ್ಷ ಇದೇ ನಡೆಯಿತು. ಉಪ್ಪು ಜಾಸ್ತಿಯಾದ ದಿನವೂ ಹದವಾಗಿಯೇ ಇರುತ್ತಿತ್ತು. ಬನಶಂಕರಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು ಗಿರಾಕಿಗಳೊಡನೆ ದಿನವಿಡೀ ಜಗ್ಗಾಡುತ್ತಿದ್ದ ಮನುಷ್ಯ ಮನೆಯಲ್ಲಿ ಹೇಳಿದ ಸುಳ್ಳು ಅದೊಂದೇ.

ಅಂಜನಾಪುರದಾಚೆ ಅವರಿಗೆ ಐದು ಗುಂಟೆಯ ತೋಟವಿತ್ತು. ತೋಟ ಎನ್ನುವುದು ಸೋಮಲಿಂಗಪ್ಪನವರ ಮಾತು. ನೋಡಿದವರಿಗೆ ಕಾಣುತ್ತಿದ್ದದ್ದು ಎರಡು ನುಗ್ಗೆಮರ, ಒಂದು ಬಸಳೆ ಚಪ್ಪರ, ಕನಕಾಂಬರದ ಪಾತಿ, ಒಂದು ಶೀಟಿನ ಕೋಣೆ ಅಷ್ಟೇ. ಭಾನುವಾರ ಬಂತೆಂದರೆ ಗಂಡಹೆಂಡತಿ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೊರಡುತ್ತಿದ್ದರು. ಎರಡು ವರ್ಷದ ಹಿಂದೆ ಮೀನಾಕ್ಷಮ್ಮ ತೀರಿಕೊಂಡಾಗ, ಅವರ ಮನೆತನದ ಪದ್ಧತಿಯಂತೆ, ಅಲ್ಲೇ ಕೂರಿಸಿ ಮಣ್ಣು ಮಾಡಿದರು. ಮೇಲೊಂದು ಚಿಕ್ಕ ಕಲ್ಲಿನ ಗದ್ದುಗೆ. ಅದರ ಮಗ್ಗುಲಲ್ಲಿ ಒಂದು ಬಿಲ್ವದ ಸಸಿ.

ಆ ಸಸಿ ಆಕೆಯದೇ. ಪೇಂಟಿನ ಹಳೇ ಬಕೆಟ್ಟಿನಲ್ಲಿ ಬೀಜ ಹಾಕಿ, ಮೊಳಕೆ ಬರುವವರೆಗೂ ದಿನಕ್ಕೆ ಹತ್ತು ಸಲ ಇಣುಕಿ ನೋಡಿ ಎಬ್ಬಿಸಿದ್ದು. ಆಸ್ಪತ್ರೆಯಲ್ಲಿ ಕೊನೆಯ ವಾರ ಆಕೆ ಗಂಡನ ಕೈ ಹಿಡಿದುಕೊಂಡು ಹೇಳಿದ್ದರು: "ನನ್ನ ಪಕ್ಕ ಆ ಗಿಡ ನೆಡಿ. ನಿಮ್ಮ ಪೂಜೆಗೆ ಪತ್ರೆ ನಾನೇ ಕೊಡ್ತೀನಿ." ಅಂದಿನಿಂದ ಸೋಮಲಿಂಗಪ್ಪನವರಿಗೆ ಆ ಗಿಡ ಬರೀ ಗಿಡವಾಗಿ ಉಳಿಯಲಿಲ್ಲ. ಇಟ್ಟಮಡುವಿನಲ್ಲಿ ಮಗಳು ಮೇಘಶ್ರೀಯ ಮನೆಯಲ್ಲಿದ್ದುಕೊಂಡು, ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಮೂರೆಲೆಯ ಒಂದೇ ಒಂದು ಪತ್ರೆ ಕಿತ್ತು ತಂದು ಲಿಂಗಪೂಜೆಗೆ ಕೂರುತ್ತಿದ್ದರು. ತಿಂಡಿ ಹತ್ತು ಗಂಟೆಯಾದರೂ ಸರಿಯೇ.

ಈ ವರ್ಷದ ಬೇಸಿಗೆ ಮಾತ್ರ ಹಟ ಹಿಡಿದು ಬಂದಂತೆ ಬಂತು. ಮಾರ್ಚ್ ಮುಗಿಯುವುದರೊಳಗೆ ತೋಟದ ಬೋರ್‌ವೆಲ್ ಗಾಳಿ ಉಗುಳತೊಡಗಿತು. ಬೇಡಿಕೊಂಡರೂ ಟ್ಯಾಂಕರಿನವನು ಅಷ್ಟು ಸಣ್ಣ ಜಾಗಕ್ಕೆ ಬರಲೊಲ್ಲ. ಮೊದಲು ಬಸಳೆ ಹೋಯಿತು, ಆಮೇಲೆ ಕನಕಾಂಬರ. ಸೋಮಲಿಂಗಪ್ಪನವರು ಅವುಗಳ ಆಸೆ ಬಿಟ್ಟರು. ಬಿಲ್ವವೊಂದು ಮಳೆಗಾಲದವರೆಗೆ ಜೀವ ಹಿಡಿದರೆ ಸಾಕು, ಇನ್ನೇನೂ ಬೇಡ ಎಂದು ದಿನಾ ಶಿವನಿಗೆ ಹೇಳಿಕೊಂಡರು.

ಶಿವ ಕೇಳಿಸಿಕೊಂಡ ಎಂದೇ ಅವರು ತಿಳಿದರು. ಪಕ್ಕದ ಅಪಾರ್ಟ್‌ಮೆಂಟಿಗೆ ಹೊಸದಾಗಿ ಸೇರಿದ್ದ ಕಾವಲುಗಾರ ಯಲ್ಲಯ್ಯ, ಈ ವಯಸ್ಸಾದವರು ಖಾಲಿ ಬಿಂದಿಗೆ ಹಿಡಿದು ನಿಂತದ್ದನ್ನು ನೋಡಿ ಕರೆದ. ಕಾಂಪೌಂಡಿನ ಮೂಲೆಯಲ್ಲಿ ಒಂದು ಪೈಪಿನಿಂದ ತಿಳಿಯಾದ ನೀರು ಚರಂಡಿಗೆ ಬೀಳುತ್ತಿತ್ತು. "ದಿನಾ ಬೆಳಿಗ್ಗೆ ಸುಮ್ನೆ ಹರಿದು ಹೋಗುತ್ತೆ ಯಜಮಾನ್ರೇ. ತಗೊಂಡು ಹೋಗಿ, ಪುಣ್ಯ ಬರ್ಲಿ," ಎಂದ. ಸೋಮಲಿಂಗಪ್ಪನವರ ಕಣ್ಣು ತುಂಬಿ ಬಂತು.

ಗದ್ದುಗೆಗೆ ಎರೆಯುವ ನೀರೆಂದರೆ ಅಭಿಷೇಕದ ನೀರು, ಪ್ಲಾಸ್ಟಿಕ್ ಕೊಡ ಆಗದು. ಅಂಗಡಿ ಮುಚ್ಚುವಾಗ ಉಳಿಸಿಕೊಂಡಿದ್ದ ತಾಮ್ರದ ಬಿಂದಿಗೆಯಲ್ಲೇ ಹೊತ್ತರು. ಗದ್ದುಗೆಗೆ ಎರೆದ ನೀರು ಇಳಿದು ಬಿಲ್ವದ ಪಾತಿಗೆ ಸೇರುತ್ತಿತ್ತು. ಬಿಸಿಲಿಗೆ ಗಂಟಲು ಅಂಟಿಕೊಂಡಾಗಲೂ ಅದರಿಂದ ಒಂದು ಗುಟುಕು ಕುಡಿಯಲಿಲ್ಲ. ಆಕೆಗೆ ಎರೆಯುವ ಮೊದಲು ತಾವು ಬಾಯಿಗೆ ಹಾಕಿಕೊಳ್ಳುವುದುಂಟೇ? ವಾರ ಕಳೆಯುವುದರೊಳಗೆ ಬಿಂದಿಗೆಯ ಕಂಠ ಹಸಿರುಗಟ್ಟಿತು. ಇಡೀ ಆಯಸ್ಸು ತಾಮ್ರ ಮಾರಿದ ಮನುಷ್ಯ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರೇ ಹೊರತು ಯಾಕೆ ಎಂದು ಯೋಚಿಸಲಿಲ್ಲ.

ಬಿಲ್ವದ ಎಲೆಯ ಅಂಚು ಕಂದಿತು. ಬಿಸಿಲಿನ ಝಳ ಎಂದುಕೊಂಡು ಎರಡು ಬಿಂದಿಗೆ ಎರೆದರು. ಎಲೆ ಉದುರಲು ಶುರುವಾಯಿತು. ಬೆನ್ನು ಹಿಡಿದುಕೊಂಡರೂ ಲೆಕ್ಕಿಸದೆ ಮೂರು ಎರೆದರು. ಪತ್ರೆ ಕೀಳುವುದನ್ನು ಬಿಟ್ಟರು. ಗಿಡ ಚೇತರಿಸಿಕೊಳ್ಳಲಿ, ಅಲ್ಲಿಯವರೆಗೆ ಬರೀ ವಿಭೂತಿಯಲ್ಲಿ ಪೂಜೆ ಮಾಡಿದರಾಯಿತು ಎಂದು ತಮಗೆ ತಾವೇ ಹೇಳಿಕೊಂಡರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಬುಡದ ಮಣ್ಣಿನ ಮೇಲೆ ಬೆಳ್ಳಗೆ, ನುಣ್ಣಗೆ ಏನೋ ಹರಡಿಕೊಂಡಿತ್ತು. ಗದ್ದುಗೆಯ ಕಲ್ಲಿನ ಸುತ್ತಲೂ ಅದೇ. ಸೋಮಲಿಂಗಪ್ಪನವರು ಅಲ್ಲೇ ಕುಸಿದು ಕೂತರು. ಪತ್ರೆ ಕೊಡಲಾಗದೆ ಆಕೆ ವಿಭೂತಿ ಕೊಟ್ಟಿದ್ದಾಳೆ ಎಂದುಕೊಂಡು ಹಣೆಗೆ ಹಚ್ಚಿಕೊಂಡರು. ಭಾನುವಾರ ಮೇಘಶ್ರೀಯನ್ನು ಬಿಡದೆ ಎಳೆದು ತಂದರು. ಎಷ್ಟೋ ದಿನದ ಮೇಲೆ ಅಪ್ಪನ ಮುಖದಲ್ಲಿ ಗೆಲುವು ಕಂಡು ಅವಳೂ ಚಪ್ಪಲಿ ಬಿಟ್ಟು ಬಾಗಿದಳು, ಚಿಟಿಕೆಯಷ್ಟು ತೆಗೆದು ಹಣೆಗಿಟ್ಟುಕೊಂಡಳು, ಉಳಿದದ್ದನ್ನು ಪ್ರಸಾದವೆಂದು ನಾಲಿಗೆಗೆ ಹಾಕಿಕೊಂಡಳು. ಇನ್ನೊಂದು ಚಿಟಿಕೆ ತೆಗೆದು ಮತ್ತೆ ನಾಲಿಗೆಗೆ ಮುಟ್ಟಿಸಿ ನೋಡಿದಳು.

"ಅಪ್ಪಾ," ಎಂದಳು ಕೊನೆಗೆ, "ಇದು ಉಪ್ಪು."

ಯಲ್ಲಯ್ಯನನ್ನು ಕೇಳಿದರು. ಅವನು ಒಳಗೆ ಹೋಗಿ ವಿಚಾರಿಸಿಕೊಂಡು ಬಂದ. ಬೋರ್‌ವೆಲ್ಲಿನ ಗಡಸು ನೀರನ್ನು ಮೆದುವಾಗಿಸುವ ಯಂತ್ರವೊಂದು ಇದೆಯಂತೆ, ಅದನ್ನು ದಿನಾ ಬೆಳಿಗ್ಗೆ ಉಪ್ಪು ಹಾಕಿ ತೊಳೆಯುತ್ತಾರಂತೆ, ಆ ತೊಳೆದ ನೀರು ಈ ಪೈಪಿನಲ್ಲಿ ಬರುವುದಂತೆ. ಹೇಳುತ್ತ ಹೇಳುತ್ತ ಅವನ ದನಿ ಉಡುಗಿತು. ತನಗೆ ಗೊತ್ತಿರಲಿಲ್ಲ ಎಂದು ಕೈ ಮುಗಿದ. ಸೋಮಲಿಂಗಪ್ಪನವರು ಅವನ ಭುಜ ತಟ್ಟಿದರು. ಅವನ ಮೇಲೆ ಅವರಿಗೆ ಸಿಟ್ಟೇ ಬರಲಿಲ್ಲ.

ಬಿಲ್ವದ ರೆಂಬೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿದರು. ಲಟಕ್ಕನೆ ಮುರಿಯಿತು. ಒಳಗೂ ಹಸಿರಿರಲಿಲ್ಲ. ಒಂದೂವರೆ ತಿಂಗಳು, ಒಂದು ದಿನವೂ ತಪ್ಪಿಸದೆ, ಬಸ್ಸು ಹತ್ತಿ ಬಂದು ತಮ್ಮ ಕೈಯಾರೆ ಕೊಂದಿದ್ದರು.

ಆ ಬೆಳಿಗ್ಗೆ ತುಂಬಿಟ್ಟ ಬಿಂದಿಗೆ ಇನ್ನೂ ಹಾಗೇ ಇತ್ತು. ಅವರು ಬೊಗಸೆಯಲ್ಲಿ ಸ್ವಲ್ಪ ತೆಗೆದುಕೊಂಡು ಮೊದಲ ಸಲ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಲಿಲ್ಲ, ಉಗುಳಲಿಲ್ಲ, ನುಂಗಿದರು. ಆಮೇಲೆ ಗದ್ದುಗೆಯ ಮುಂದೆ, ಊಟಕ್ಕೆ ಕೂರುವ ಹಾಗೆ, ಚಕ್ಕಂಬಕ್ಕಲ ಹಾಕಿ ಕೂತರು. ಮೇಘಶ್ರೀ ಹತ್ತಿರ ಹೋಗಲು ಹೆದರಿ ನುಗ್ಗೆಮರದ ಬಳಿ ನಿಂತುಕೊಂಡಳು.

"ಇಷ್ಟು ದಿನ ನೀನೂ ಹದವಾಗಿದೆ ಅಂತ ಸುಮ್ನಿದ್ಯಾ, ಮೀನಾಕ್ಷಿ?" ಎಂದರು ಅವರು.